ಒಂದೂವರೆ ವೇಗದಲ್ಲಿ ಒಂದು ಹಾಡು

ಎರಡನೆಯ ಆಲ್ಬಮ್ಮಿನ ಕೊನೆಯ ಹಾಡಿಗೂ ಒಬ್ಬ ವಿಧವೆಯ ದೂರಿಗೂ ನಡುವೆ ಅವನು ಚಹಾ ಕುಡಿದು ಮುಗಿಸಿದ.

ವಿಧವೆಗೆ ಎಪ್ಪತ್ತೆಂಟು ಅಂಕ ಬಂತು. ಅಂದರೆ ಆಕೆಗಲ್ಲ, ಆಕೆಯ ಕರೆ ತೆಗೆದುಕೊಂಡ ಹುಡುಗಿಗೆ. ಹುಡುಗಿ ಸರಿಯಾದ ಜಾಗದಲ್ಲಿ 'ನಿಮ್ಮ ನೋವು ನಮಗೆ ಅರ್ಥವಾಗುತ್ತದೆ' ಎಂದಿದ್ದಳು. ಅರ್ಜಿ ತಿರಸ್ಕಾರವಾಗಿದೆ ಎಂಬುದನ್ನು ನಗುಮುಖದ ದನಿಯಲ್ಲಿ ತಿಳಿಸಿದ್ದಳು. ಕೊನೆಯಲ್ಲಿ 'ಇನ್ನೇನಾದರೂ ಸಹಾಯ ಬೇಕೇ' ಎಂದು ಕೇಳುವುದನ್ನು ಮಾತ್ರ ಮರೆತಿದ್ದಳು. ಅಂಕ ಹೋದದ್ದು ಅಲ್ಲಿ. ಗಂಡ ಸತ್ತದ್ದಕ್ಕೆ ಪಟ್ಟಿಯಲ್ಲಿ ಕಾಲಂ ಇರಲಿಲ್ಲ.

ಅವನ ಕೆಲಸವೇ ಅದು. ಆರೋಗ್ಯ ವಿಮೆ ಮಾರುವ ಕಂಪನಿಗೆ ಜನ ಫೋನ್ ಮಾಡಿ ಗೋಳು ಹೇಳಿಕೊಳ್ಳುತ್ತಾರೆ, ಅದೆಲ್ಲ ಧ್ವನಿಮುದ್ರಣವಾಗುತ್ತದೆ, ಅವನು ಅದನ್ನು ಕೇಳಿ, ಉತ್ತರ ಕೊಟ್ಟವರ ವಿನಯಕ್ಕೆ ಅಂಕ ಹಾಕುತ್ತಾನೆ. ಗೋಳಿಗೆ ಪರಿಹಾರ ಕೊಡುವುದು ಬೇರೆ ವಿಭಾಗ. ಆ ವಿಭಾಗ ಯಾವ ಮಹಡಿಯಲ್ಲಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ಇದೆಯೆಂದು ನಂಬಿದ್ದ. ದೇವರನ್ನು ನಂಬುವುದಿಲ್ಲವೆಂದು ಹೇಳಿಕೊಳ್ಳುವವನಿಗೂ ಏನಾದರೊಂದು ಬೇಕಲ್ಲ.

ಕಂಪನಿಯ ಪ್ಲೇಯರಿನಲ್ಲಿ ಕರೆಗಳು ಸಾಲುಗಟ್ಟಿ ನಿಂತಿರುತ್ತಿದ್ದವು. ಒಂದು ಮುಗಿದರೆ ಮುಂದಿನದು ತಾನಾಗಿಯೇ ಶುರು. ಎಲ್ಲವೂ ಒಂದೂವರೆ ವೇಗದಲ್ಲಿ. ದನಿ ಕೀರಲಾಗದಂತೆ ಪ್ಲೇಯರೇ ನೋಡಿಕೊಳ್ಳುತ್ತಿತ್ತು. ಮಾತಿನ ನಡುವೆ ಯಾರಾದರೂ ಸುಮ್ಮನಾದರೆ, ಬಿಕ್ಕಿದರೆ, ಉಸಿರೆಳೆದುಕೊಂಡರೆ, ಆ ಖಾಲಿ ಜಾಗವನ್ನೂ ಅದೇ ಕತ್ತರಿಸಿ ಬಿಸಾಡುತ್ತಿತ್ತು. ಮೌನಕ್ಕೆ ಅಂಕವಿಲ್ಲ. ಹೊಸದಾಗಿ ಸೇರಿದವರು ಮೊದಮೊದಲು ತಲೆ ಸುತ್ತುತ್ತದೆ ಎನ್ನುತ್ತಾರೆ. ಸ್ವಲ್ಪ ದಿನದಲ್ಲಿ ಮನೆಗೆ ಹೋಗಿ ತಾಯಿಗೆ 'ಬೇಗ ಹೇಳಮ್ಮ' ಎನ್ನತೊಡಗುತ್ತಾರೆ. ಅವನು ಆ ಹಂತವನ್ನೆಲ್ಲ ದಾಟಿ ಎಷ್ಟೋ ವರ್ಷವಾಗಿತ್ತು. ಕನ್ನಡಕ ಹಾಕಿಕೊಂಡವನಿಗೆ ಮೂಗಿನ ಮೇಲಿನ ಭಾರ ಮರೆತುಹೋಗುವ ಹಾಗೆ, ಅದು ಒಂದೂವರೆ ಎಂಬುದೇ ಅವನಿಗೆ ಮರೆತುಹೋಗಿತ್ತು.

ಅದೇ ಪ್ಲೇಯರ್, ಅದೇ ಸಾಲು, ಅವನ ಫೋನಿನಲ್ಲೂ ಇತ್ತು. ಕಂಪನಿ ಹಾಕಿಕೊಟ್ಟದ್ದು. ಹಾಡು ಕೇಳುವುದಕ್ಕೆಂದು ಬೇರೆಯದನ್ನು ಹಾಕಿಕೊಳ್ಳುವ ಅಗತ್ಯ ಅವನಿಗೆ ಈತನಕ ಬಿದ್ದಿರಲಿಲ್ಲ. ಭಾವಮೈದುನ ಕಳಿಸಿದ, ಒಂದು ರಾಕ್ ತಂಡದ ಎಂಟು ಆಲ್ಬಮ್ಮುಗಳೂ ಅದರಲ್ಲೇ ತೆರೆದುಕೊಂಡವು. ಬೆಳಿಗ್ಗೆ ಬಂದವನೇ ಅವನ್ನು ದೂರುಗಳ ಸಾಲಿನಲ್ಲಿ ಅಲ್ಲಲ್ಲಿ ತೂರಿಸಿದ. ಒಂದಿಷ್ಟು ಹಾಡು, ಒಂದಿಷ್ಟು ಗೋಳು. ಸಂಜೆಯೊಳಗೆ ಎರಡೂ ಮುಗಿಯಬೇಕು.

ಸಂಜೆ ಆ ತಂಡದ ಕಾರ್ಯಕ್ರಮ. ಟಿಕೆಟ್ ತಂದವಳು ಹೆಂಡತಿ.

"ಎರಡಿದೆ. ಬರ್ತೀಯಾ?" ಎಂದು ಮೊನ್ನೆ ಊಟಕ್ಕೆ ಕೂತಾಗ ಕೇಳಿದ್ದಳು.

"ಯಾವ ತಂಡ?"

ಅವಳು ಹೆಸರು ಹೇಳಿದಳು. ಮದುವೆಯಾದಾಗಿನಿಂದ ಮನೆಯಲ್ಲಿ ಓಡಾಡಿಕೊಂಡಿದ್ದ ಹೆಸರು. ಅವರ ಹಾಡನ್ನು ಮಾತ್ರ ಅವನು ಕೇಳಿರಲಿಲ್ಲ. ಮೊದಲ ವರ್ಷ ಅವಳು ಹಾಕಿದಾಗ 'ಸ್ವಲ್ಪ ಮೆಲ್ಲಗೆ' ಎಂದಿದ್ದ. ಆಮೇಲೆ ಅವಳು ಕಿವಿಗೆ ಇಯರ್‌ಫೋನ್ ಹಾಕಿಕೊಂಡೇ ಕೇಳುತ್ತಿದ್ದಳು. ಎಷ್ಟು ಹೊಂದಿಕೊಂಡು ಹೋಗುವ ಹೆಂಡತಿ ಎಂದು ಅವನು ಸ್ನೇಹಿತರ ಮುಂದೆ ಹೇಳಿಕೊಂಡದ್ದೂ ಇತ್ತು.

"ಮಾರನೇ ದಿನ ಬೆಳಿಗ್ಗೆ ನಾನು ಉತ್ತರ ಕೊಡ್ಬೇಕು," ಎಂದಳು.

"ಯಾವುದಕ್ಕೆ?"

"ಆ ಊರಿನ ಆಸ್ಪತ್ರೆಗೆ. ಹೇಳಿದ್ದೆನಲ್ಲ."

"ಹೌದು ಹೌದು."

ಹೇಳಿದ್ದಳು. ಪಾರ್ಶ್ವವಾಯು ಬಡಿದವರಿಗೆ ಮತ್ತೆ ನಡೆಯಲು ಕಲಿಸುವುದು ಅವಳ ಕೆಲಸ. ದೂರದೂರಿನ ಆಸ್ಪತ್ರೆಯೊಂದು ಆ ವಿಭಾಗವನ್ನೇ ನೋಡಿಕೊಳ್ಳಲು ಕರೆದಿತ್ತು. ಇಬ್ಬರೂ ಹೋಗುವ ಮಾತು ಬಂದಿರಲಿಲ್ಲ. ಬರದಂತೆ ಇಬ್ಬರೂ ಎಚ್ಚರ ವಹಿಸಿದ್ದರು.

"ಅವರದೊಂದು ಹಾಡಿದೆ," ಎಂದಳು. "ಅದು ಬಂದಾಗ ನೀನು ಪಕ್ಕದಲ್ಲಿರ್ಬೇಕು. ಅಷ್ಟೇ ನಾನು ಕೇಳೋದು. ಆಮೇಲೆ ಹೋಗ್ಬೇಕೋ ಬೇಡ್ವೋ ಅಂತ ನನಗೇ ಗೊತ್ತಾಗತ್ತೆ."

"ಯಾವ ಹಾಡು?"

"ಹೇಳಲ್ಲ. ಹೇಳಿದ್ರೆ ಓದ್ಕೊಂಡು ಬರ್ತೀಯ, ಪೀಠಿಕೆ."

ಪೀಠಿಕೆ ಎನ್ನುವುದು ಕಾಲೇಜಿನ ಓದುಬಳಗ ಅವನಿಗೆ ಇಟ್ಟ ಹೆಸರು. ಯಾವ ಪುಸ್ತಕವಾದರೂ ಮುನ್ನುಡಿಯಷ್ಟನ್ನೇ ಓದಿ, ಗಂಟೆಗಟ್ಟಲೆ ಮಾತಾಡಿ, ಪೂರ್ತಿ ಓದಿ ಬಂದವರನ್ನು ಪೆಚ್ಚು ಮಾಡಿಬಿಡುತ್ತಿದ್ದ. ದುಡಿಯುವವರ ಸಂಕಟ, ಪರಕೀಯತೆ, ಮನುಷ್ಯ ಸರಕಾಗುವ ದುರಂತ, ಇವೆಲ್ಲ ಅವನ ನಾಲಗೆಯ ತುದಿಯಲ್ಲಿದ್ದವು. ಅಲ್ಲಿಂದ ಒಳಗೆ ಇಳಿದಿರಲಿಲ್ಲ. ಅವಳು ಹಿಂದಿನ ಬೆಂಚಿನಲ್ಲಿ ಕೂತು ನಗುತ್ತಿದ್ದಳು. ಅದನ್ನು ಮೆಚ್ಚುಗೆಯೆಂದು ತಿಳಿದು ಅವನು ಮದುವೆಯಾಗಿದ್ದ.

ಈಗ ಇದು ಪರೀಕ್ಷೆ. ಪರೀಕ್ಷೆಯೆಂದ ಮೇಲೆ ಅವನಿಗೆ ಭಯವಿರಲಿಲ್ಲ. ಒಂದು ಹಾಡು ಯಾವುದೆಂದು ಗೊತ್ತಿಲ್ಲದಿದ್ದರೇನು, ಎಲ್ಲವನ್ನೂ ಓದಿಕೊಂಡು ಹೋದರಾಯಿತು.

ಮೂರನೆಯ ಆಲ್ಬಂ ಶುರುವಾಯಿತು. ಹೊದಿಕೆಯ ಚಿತ್ರದಲ್ಲಿ ಒಂದು ಮೀನು ಗಡಿಯಾರ ನುಂಗುತ್ತಿತ್ತು. ವಿಮರ್ಶಕರ ಪ್ರಕಾರ ಇದರಲ್ಲಿ ತಂಡ ಮಾರುಕಟ್ಟೆಯೊಡನೆ ರಾಜಿ ಮಾಡಿಕೊಂಡಿತ್ತು. ಕೇಳುವ ಮೊದಲೇ ಅವನಿಗೂ ಹಾಗೆ ಅನ್ನಿಸಿತು. ಗಿಟಾರು ಗಿರಗಿರ ತಿರುಗಿತು, ಯಾವುದೋ ತಂತಿವಾದ್ಯ ಹಿಂದುಮುಂದಾಗಿ ನುಡಿಯಿತು, ಅಂಗಳದಲ್ಲಿ ಯಾರೋ ನೀರು ಸೇದುತ್ತಿರುವ ಸದ್ದು ಬಂದು ಹೋಯಿತು. 'ಇವರ ಸಂಗೀತದಲ್ಲಿ ಸಮಯ ಕರಗಿಹೋಗುತ್ತದೆ' ಎಂದು ಒಬ್ಬರು ಬರೆದಿದ್ದರು. ನಿಜವೇ ಇರಬೇಕು. ಬಹಳ ಉದ್ದದ್ದೆಂದು ಹೆಸರಾದ ಹಾಡು ಅದೆಷ್ಟು ಬೇಗ ಮುಗಿಯಿತೆಂದರೆ ಅವನು ತಲೆಯೆತ್ತಿ ಗಡಿಯಾರ ನೋಡಿದ.

"ಏನ್ ಸಾರ್, ಕಾಲು ಕುಣೀತಾ ಇದೆ?" ಪಕ್ಕದ ಮೇಜಿನವಳು ಕೇಳಿದಳು. ಇಡೀ ದಿನ ಲವಂಗ ಜಗಿಯುತ್ತ ಅಂಕ ಹಾಕುವವಳು. "ಅಷ್ಟು ಚೆನ್ನಾಗಿ ಯಾರ್ ಸಾರ್ ಗೋಳಾಡಿರೋದು?"

"ಗೋಳಲ್ಲ. ಸಂಗೀತ."

"ಅಯ್ಯೋ, ದೂರಿಗೂ ಸಂಗೀತ ಹಾಕೋಕೆ ಶುರು ಮಾಡಿದ್ರಾ?"

"ಸೈಕೆಡೆಲಿಕ್ ರಾಕ್ ಅಂತ. ಪ್ರಜ್ಞೆಯ ಗಡಿಯನ್ನ ವಿಸ್ತರಿಸೋದು."

"ನಮ್ಮ ಮೇಲಿನವರು ಟಾರ್ಗೆಟ್ ವಿಸ್ತರಿಸ್ತಾರಲ್ಲ, ಆ ಥರಾನಾ?"

ಅವನು ಉತ್ತರಿಸುವಷ್ಟರಲ್ಲಿ ಹಾಡು ಮುಗಿದು, ಮಗುವಿನ ಆಪರೇಷನ್ನಿಗೆ ಒಪ್ಪಿಗೆ ಸಿಗದ ತಂದೆಯೊಬ್ಬ ಕಿವಿಯಲ್ಲಿ ಬೈಯತೊಡಗಿದ. ಒಳ್ಳೆಯ ಲಯವಿತ್ತು. ಕಾಲು ಇನ್ನೂ ಕುಣಿಯುತ್ತಿರುವುದನ್ನು ಕಂಡು ಅವನೇ ನಿಲ್ಲಿಸಿಕೊಂಡ.

ಮಧ್ಯಾಹ್ನ ಭಾವಮೈದುನನ ಫೋನು. ಆಂಬುಲೆನ್ಸ್ ಓಡಿಸುವವನು. ಅಕ್ಕನಿಗೆ ಈ ತಂಡದ ಹುಚ್ಚು ಹಿಡಿಸಿದವನೂ ಅವನೇ.

"ಭಾವ, ಎಲ್ಲಿಗೆ ಬಂತು?"

"ನಾಲ್ಕು ಮುಗೀತು."

"ಬೆಳಿಗ್ಗೆಯಿಂದ ನಾಲ್ಕಾ? ಭಾವ, ಅದೇನು ಬಸ್ ಹಿಡಿಯೋಕೆ ಓಡ್ತಿದೀರಾ? ನಿಧಾನಕ್ಕೆ ಕೇಳ್ರೀ."

ಸೈರನ್ ಹಾಕಿಕೊಂಡು ಊರೆಲ್ಲ ಓಡುವವನು ನಿಧಾನದ ಬಗ್ಗೆ ಉಪದೇಶ ಮಾಡುತ್ತಿದ್ದ. ಅವನಿಗೆ ನಗು ಬಂತು.

"ನನ್ನ ಪದ್ಧತಿ ನನಗಿದೆ. ಅಲ್ಲಯ್ಯಾ, ಅವಳ ಹಾಡು ಯಾವುದು ಅಂತ ನಿನಗೆ ಗೊತ್ತಲ್ವಾ?"

"ಗೊತ್ತು. ಹೇಳಿದ್ರೆ ಅಕ್ಕ ನನ್ನ ಚರ್ಮ ಸುಲೀತಾಳೆ."

"ಒಂದು ಸುಳಿವಾದ್ರೂ ಕೊಡು."

ಆ ಕಡೆ ಸ್ವಲ್ಪ ಹೊತ್ತು ಸುಮ್ಮನಾಯಿತು. ಫೋನಿನ ಮಾತನ್ನು ಕತ್ತರಿಸುವ ಯಂತ್ರವಿನ್ನೂ ಬಂದಿಲ್ಲದ್ದರಿಂದ ಅವನು ಕಾಯಬೇಕಾಯಿತು.

"ಅಪ್ಪ ಹೋದಾಗ ಅಕ್ಕ ಅದನ್ನೇ ಹಾಕ್ಕೊಂಡು ಕೂತಿರ್ತಿದ್ಲು. ನೀವು ಮನೇಲೇ ಇದ್ರಿ. ಅದು ಬಂದಾಗ ಸುಮ್ನಿದ್ರೆ ಸಾಕು ಭಾವ. ಸುಮ್ನಿರೋಕೆ ಬರತ್ತಾ ನಿಮ್ಗೆ?"

"ಇದೆಂಥ ಸುಳಿವಯ್ಯಾ," ಎಂದು ಫೋನಿಟ್ಟ.

ಐದನೆಯ ಆಲ್ಬಮ್ಮಿನ ನಡುವೆ ಅದು ಸಿಕ್ಕಿತು.

ಮೊದಲು ಬರೀ ಡ್ರಮ್ಮು. ಬೆನ್ನಟ್ಟಿಸಿಕೊಂಡು ಓಡುತ್ತಿರುವವನ ಎದೆಬಡಿತದ ಹಾಗೆ. ಅದರ ಮೇಲೆ ಗಿಟಾರಿನ ಒಂದೇ ಎಳೆ, ಬಿಟ್ಟೂಬಿಡದೆ, ಉಸಿರಿಗೂ ನಿಲ್ಲದೆ. ಒಂದು ಕಡೆ ಸಣ್ಣಗೆ ಎಡವಿದಂತಾಯಿತು, ಹರಿದ ದಾರಕ್ಕೆ ಗಂಟು ಹಾಕಿದಂತೆ. ಆ ಗಂಟು ದಾಟಿದ್ದೇ ಹಾಡುಗಾರನ ದನಿ. ಇಡೀ ಹಾಡಿಗೆ ಒಂದೇ ಸಾಲು: 'ಬಾಗಿಲು ತೆರೆದೇ ಇತ್ತು, ನಾನು ತಟ್ಟುತ್ತಲೇ ಇದ್ದೆ.' ಮತ್ತೆ ಮತ್ತೆ, ಏದುಸಿರಿನಲ್ಲಿ.

ಅವನ ಕಣ್ಣು ಒದ್ದೆಯಾಯಿತು.

ಮೊದಲು ಮಾಡಿದ್ದು, ಪಕ್ಕದ ಮೇಜಿನವಳು ನೋಡಿದಳೇ ಎಂದು ನೋಡಿದ್ದು. ಆಮೇಲೆ ಹೆಮ್ಮೆಯಾಯಿತು. ಹಾಗಾದರೆ ಒಳಗಿನ್ನೂ ಏನೋ ಇದೆ! ಎಷ್ಟು ವಿಧವೆಯರು, ಎಷ್ಟು ತಂದೆಯರು ಈ ಕಿವಿಯ ಮೇಲೆ ಹಾದುಹೋಗಿಯೂ ಅಲ್ಲಾಡದ ಕಲ್ಲು ಇವತ್ತು ಅಲ್ಲಾಡಿತಲ್ಲ! ಎದ್ದು ಮೆಟ್ಟಿಲ ಕಡೆಗೆ ಹೋಗಿ, ಬೆಂಕಿ ಆರಿಸುವ ಕೆಂಪು ಡಬ್ಬಿಯ ಪಕ್ಕ ನಿಂತು ಮತ್ತೆ ಕೇಳಿದ. ಮತ್ತೆ ಒದ್ದೆಯಾಯಿತು. ಸುಳ್ಳಲ್ಲ. ಆ ಅಳು ಮಾತ್ರ ಅವನದೇ, ಯಾರ ಪೀಠಿಕೆಯಿಂದಲೂ ಎತ್ತಿಕೊಂಡದ್ದಲ್ಲ.

ಅವಳ ಹಾಡು ಇದೇ. ಬೇರೆ ಇರಲು ಸಾಧ್ಯವೇ ಇಲ್ಲ.

ಅವಳಿಗೆ ಆಗಲೇ ತಿಳಿಸಿಬಿಡೋಣವೆಂದು ಫೋನು ಹಿಡಿದ. ಬೇಡ. ಸಂಜೆ ಆ ಡ್ರಮ್ಮು ಓಡಲು ಶುರುವಾದ ಕೂಡಲೇ ಅವಳ ಕೈ ಹಿಡಿಯಬೇಕು. ಏನೂ ಹೇಳದೆ. ಗಂಟಿನ ಜಾಗದಲ್ಲಿ ಸ್ವಲ್ಪ ಒತ್ತಬೇಕು. ವಾಪಸ್ ಬಂದು ಕೂತು, ಕುರ್ಚಿಯ ಕೈಯ ಮೇಲೆ ಒಮ್ಮೆ ಒತ್ತಿ ನೋಡಿದ. ಸ್ವಲ್ಪ ಜಾಸ್ತಿಯಾಯಿತು ಅನ್ನಿಸಿ ಇನ್ನೊಮ್ಮೆ ಒತ್ತಿದ. ಪಕ್ಕದ ಮೇಜಿನವಳು ಲವಂಗ ಜಗಿಯುವುದನ್ನು ನಿಲ್ಲಿಸಿ ನೋಡುತ್ತಿದ್ದಳು.

ಮಿಕ್ಕ ಮೂರು ಆಲ್ಬಂ ಮುಗಿಸುವುದು ಕಷ್ಟವಾಗಲಿಲ್ಲ. ದೂರುಗಳಿಗೂ ಅಂಕ ಬಿತ್ತು. ಒಳ್ಳೆಯ ಮನಸ್ಸಿನಲ್ಲಿದ್ದುದರಿಂದ ಎಲ್ಲರಿಗೂ ಸ್ವಲ್ಪ ಕೈ ಸಡಿಲಿಸಿಯೇ ಹಾಕಿದ. ನಾಳೆ ಕೇಳಬೇಕಾದ ಕರೆಗಳು ಬಂದು ಸಾಲಿನಲ್ಲಿ ನಿಂತವು. ಅವುಗಳ ಮುಂದೆ, ದಾರಿಯಲ್ಲಿ ಇನ್ನೊಮ್ಮೆ ಕೇಳಲೆಂದು, ಆ ಹಾಡನ್ನು ಇಟ್ಟುಕೊಂಡ.

ಕಾರ್ಯಕ್ರಮ ಮುಚ್ಚಿಹೋದ ಕಾರ್ಖಾನೆಯೊಂದರ ಹಿಂದಿನ ಬಯಲಿನಲ್ಲಿ. ಕೆಲಸ ಕಳೆದುಕೊಂಡವರು ಒಂದು ಕಾಲಕ್ಕೆ ಅಲ್ಲಿಯೇ ಘೋಷಣೆ ಕೂಗಿದ್ದರು. ಓದುಬಳಗದ ಪರವಾಗಿ ಅವನೂ ಬಂದು ಮಾತಾಡಿದ್ದ, ಕೂಗಿ ಕೂಗಿ ಗಂಟಲು ಕಟ್ಟಿದವರ ಮುಂದೆ, ಘೋಷಣೆಯ ಭಾಷಿಕ ರಚನೆಯ ಬಗ್ಗೆ. ಈಗ ಅಲ್ಲಿ ದೀಪದ ಕಂಬಗಳು, ಬಿಯರಿನ ಡೇರೆ, ಬಣ್ಣದ ಹೊಗೆ.

ಅವಳು ಆಸ್ಪತ್ರೆಯಿಂದ ನೇರ ಬಂದಿದ್ದಳು. ಮೈಯಲ್ಲಿ ನೋವಿನ ಮುಲಾಮಿನ ವಾಸನೆ. ದಿನವಿಡೀ ತಡವರಿಸುವ ಕಾಲುಗಳ ಜೊತೆ ಹೆಜ್ಜೆ ಹಾಕಿದ ಅವಳ ನಡಿಗೆ ಹೊರಗೂ ಹಾಗೇ ಉಳಿದಿತ್ತು. ಅವನು ಯಾವಾಗಲೂ ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಂತು ಕಾಯುವವನು. ಈವತ್ತು ಕಷ್ಟಪಟ್ಟು ಜೊತೆಗೇ ನಡೆದ.

"ಎಂಟೂ ಕೇಳಿದೆ," ಎಂದ.

"ಎಂಟೂನಾ? ಯಾವಾಗ?"

"ಇವತ್ತು. ಆಫೀಸಲ್ಲಿ."

"ಮತ್ತೆ ಕೆಲಸ?"

"ಅದೂ ಆಯ್ತು. ನೋಡು, ಮೂರನೆಯದರಲ್ಲಿ ಅವರು ರಾಜಿ ಮಾಡ್ಕೊಂಡಿದ್ದಾರೆ. ಐದನೆಯದರಲ್ಲಿ ಅದನ್ನೇ ಪ್ರಶ್ನೆ ಮಾಡ್ಕೋತಾರೆ. ಅಲ್ಲಿಂದ ಒಂದು ಥರ ಒಳಮುಖ ಪಯಣ..."

"ನನಗೆ ಐದನೆಯದಕ್ಕೇ ಒಂದು ವರ್ಷ ಹಿಡೀತಪ್ಪಾ," ಎಂದು ಅವಳು ನಕ್ಕಳು. "ನಿನ್ನ ಕರ್ಕೊಂಡು ಬರೋದು ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಅಂದ್ಕೊಂಡಿದ್ದೆ."

ಕೋಣ ಈ ಸಲ ಕಿನ್ನರಿಯ ಬಗ್ಗೆ ಓದಿಕೊಂಡು ಬಂದಿತ್ತು. ಅವನು ಗುಟ್ಟು ಬಿಟ್ಟುಕೊಡದೆ ಮುಗುಳ್ನಕ್ಕ.

"ಹೋಗ್ಲಿ ಬಿಡು. ಬಂದಿದ್ದೀಯಲ್ಲ," ಎಂದು ಅವಳು ಅವನ ತೋಳಿನೊಳಗೆ ಕೈ ತೂರಿಸಿದಳು. ಎಷ್ಟು ಕಾಲವಾಗಿತ್ತೋ. ಅವಳು ಹೋಗುವುದಿಲ್ಲ, ಅನ್ನಿಸಿತು ಅವನಿಗೆ. ಹಾಡು ಬರಲಿ, ಅಷ್ಟೇ.

ತಂಡದವರು ಬಂದರು. ಕಿವಿಯ ಬಳಿ ನರೆತ ನಾಲ್ವರು. ಮೊದಲ ಹಾಡು ಶುರುವಾಗುತ್ತಿದ್ದಂತೆ ಬಯಲೆಲ್ಲ ಕೂಗಿತು. ಅವನೂ ಕೂಗಲೆಂದು ಬಾಯಿ ತೆರೆದವನು ಹಾಗೇ ನಿಂತ. ಹಾಡು ಗೊತ್ತಿದ್ದದ್ದೇ, ಮಾತುಗಳೂ ಅವೇ. ಆದರೆ ಮೊಣಕಾಲುದ್ದ ಕೆಸರಿನಲ್ಲಿ ನಡೆಯುವವರ ಹಾಗೆ ನುಡಿಸುತ್ತಿದ್ದರು. ಒಂದು ಸ್ವರ ಹುಟ್ಟಿ, ಬೆಳೆದು, ಮುದಿಯಾಗಿ, ಇನ್ನೂ ಸಾಯದೆ ನಿಂತಿರುವಾಗ ಮತ್ತೊಂದು ಬರುತ್ತಿತ್ತು. ಎರಡನೆಯ ಹಾಡೂ ಹಾಗೇ. ಮೂರನೆಯದೂ.

ವಯಸ್ಸಾಯಿತು ಪಾಪ, ಎಂದುಕೊಂಡ. ಇಲ್ಲವೇ ಕುಡಿದಿದ್ದಾರೆ.

"ಇವತ್ತು ಏನೋ ಎಳೀತಿದ್ದಾರೆ ಅಲ್ವಾ?" ಎಂದು ಅವಳ ಕಿವಿಯಲ್ಲಿ ಹೇಳಿದ.

"ಇಲ್ವಲ್ಲ. ಇದು ಹೀಗೇ ಇರೋದು."

ಸುತ್ತ ಎಲ್ಲರೂ ಕಣ್ಣು ಅರೆಮುಚ್ಚಿ ತೂಗುತ್ತಿದ್ದರು. ಇಷ್ಟು ಜನಕ್ಕೂ ಕಿವಿಯಿಲ್ಲವೇ? ಅವನಿಗೆ ಮರುಕವಾಯಿತು. ತನಗೊಬ್ಬನಿಗೇ ಗೊತ್ತಿರುವ ಸತ್ಯವನ್ನು ಹೊತ್ತು ನಿಲ್ಲುವುದು ಅವನಿಗೆ ಹಳೆಯ ಅಭ್ಯಾಸ. ಇರಲಿ. ಅವರು ಏನಾದರೂ ಮಾಡಿಕೊಳ್ಳಲಿ. ಆ ಓಡುವ ಎದೆಬಡಿತ ಬಂದರೆ ಸಾಕು. ಕೈಯನ್ನು ಸಿದ್ಧವಾಗಿಟ್ಟುಕೊಂಡ.

ಇನ್ನೊಂದು ಹಾಡು ಶುರುವಾಯಿತು. ಡ್ರಮ್ಮಿನ ಒಂದು ಪೆಟ್ಟು. ಎಷ್ಟೋ ಹೊತ್ತಿನ ಮೇಲೆ ಇನ್ನೊಂದು. ಯಾರೋ ಹಗ್ಗ ಹಿಡಿದು ಆಳದ ಬಾವಿಗೆ ಇಳಿಯುತ್ತಿರುವಂತೆ. ಗಿಟಾರು ಒಂದು ಎಳೆಯನ್ನು ಹಿಡಿದು ಬಿಡಲೊಲ್ಲದೆ ನಿಂತಿತು. ಇದು ಯಾವುದು? ಎಂಟರಲ್ಲಿ ಎಲ್ಲೂ ಇರಲಿಲ್ಲ. ಹೊಸತಿರಬೇಕು. ಅವಳ ಬೆರಳುಗಳು ಅವನ ತೋಳನ್ನು ಬಿಗಿಯಾಗಿ ಹಿಡಿದವು. ಚಳಿಯಿರಬೇಕು ಎಂದುಕೊಂಡ. ಆಕಳಿಕೆ ಬಂತು, ನುಂಗಿದ.

ಆಮೇಲೆ ಸದ್ದು ನಿಂತಿತು.

ದೀಪಗಳೂ ಆರಿದವು. ಬಯಲಿಗೆ ಬಯಲೇ ಉಸಿರು ಹಿಡಿದಂತೆ ಸುಮ್ಮನಾಯಿತು. ಕೆಮ್ಮಿಲ್ಲ, ಪಿಸುಮಾತಿಲ್ಲ. ಅಷ್ಟು ದೊಡ್ಡ ಮೌನವನ್ನು ಅವನು ಕೇಳಿ ಎಷ್ಟು ವರ್ಷವಾಗಿತ್ತೋ. ಕಿವಿ ಗುಂಯ್ ಎಂದಿತು. ಮೌನವೆಂದರೆ ಮುಗಿದಂತೆ, ಇಲ್ಲವೇ ಏನೋ ಕೆಟ್ಟಂತೆ. ಯಾರೂ ಚಪ್ಪಾಳೆ ತಟ್ಟುತ್ತಿಲ್ಲವಲ್ಲ! ಪಾಪದ ಮುದುಕರು. ತಿಳಿದವರೊಬ್ಬರು ಶುರುಮಾಡಿದರೆ ಉಳಿದವರೂ ಮಾಡುತ್ತಾರೆ.

ಅವನು ಚಪ್ಪಾಳೆ ತಟ್ಟಿದ. ಗಟ್ಟಿಯಾಗಿ, ಎರಡೂ ಅಂಗೈ ತುಂಬ.

ಆ ಸದ್ದು ಕಾರ್ಖಾನೆಯ ಗೋಡೆಗೆ ಬಡಿದು ಹಿಂದಕ್ಕೆ ಬಂತು. ಉಳಿದವರು ಯಾರೂ ತಟ್ಟಲಿಲ್ಲ. ಮುಂದಿನ ಸಾಲಿನ ತಲೆಗಳು ಒಂದೊಂದಾಗಿ ತಿರುಗಿದವು.

"ಯಾರ್ರೀ ಅದು!" ಎಂದು ಯಾರೋ ಹಲ್ಲು ಕಚ್ಚಿ ಹೇಳಿದರು.

ಮುಜುಗರ ಮುಚ್ಚಿಕೊಳ್ಳಲು ಅವನು ಹೆಂಡತಿಯ ಕಡೆ ಬಾಗಿ, "ಇರು, ನಿನ್ನ ಹಾಡು ಇದಾದ ಮೇಲೆ ಬರತ್ತೆ," ಎಂದ. ಪಿಸುಗುಟ್ಟಿದ್ದೇ. ಆ ಮೌನದಲ್ಲಿ ಅದು ಹತ್ತು ಸಾಲಿಗೆ ಕೇಳಿಸಿತು.

ಅವಳು ಕಣ್ಣು ಮುಚ್ಚಿದ್ದಳು. ಕೆನ್ನೆ ಒದ್ದೆಯಾಗಿತ್ತು. ಕಣ್ಣು ತೆರೆಯಲಿಲ್ಲ. ಅವನ ತೋಳಿನ ಮೇಲಿದ್ದ ಕೈಯನ್ನು ತೆಗೆಯಲೂ ಇಲ್ಲ; ಅದು ಅಲ್ಲೇ ಹಗುರವಾಯಿತು, ಮಣಿಕಟ್ಟಿನಿಂದ ನಾಡಿ ಎದ್ದುಹೋದ ಹಾಗೆ.

ಆಗ ಕತ್ತಲೆಯೊಳಗಿಂದ, ಯಾವ ಅವಸರವೂ ಇಲ್ಲದೆ, ಒಂದೊಂದೇ ಮಾತನ್ನು ನೆಲಕ್ಕೆ ಇಳಿಸಿಡುವಂತೆ, ಹಾಡುಗಾರನ ದನಿ ಬಂತು.

ಬಾಗಿಲು. ತೆರೆದೇ. ಇತ್ತು.

ಅವನು ಜೇಬಿನಿಂದ ಫೋನು ತೆಗೆದ. ಇಯರ್‌ಫೋನ್ ಕಿವಿಗೆ ಹಾಕಿಕೊಂಡು, ಸಾಲಿನಲ್ಲಿ ಮೊದಲಿಗಿದ್ದ ಹಾಡನ್ನು ಒತ್ತಿದ. ಬೆನ್ನಟ್ಟಿಸಿಕೊಂಡ ಎದೆಬಡಿತ ಓಡಿ ಬಂತು. ಪರದೆಯ ಮೂಲೆಯಲ್ಲಿ, ದಿನಾ ಇರುವ ಜಾಗದಲ್ಲೇ, 'ಒಂದೂವರೆ' ಎಂದಿತ್ತು. ಅದರ ಕೆಳಗೆ, 'ಮೌನ ಕತ್ತರಿಸಲಾಗುತ್ತಿದೆ'.

ಹೆಬ್ಬೆರಳು ಅದರ ಮೇಲೆ ಹೋಗಿ ನಿಂತಿತು. ಒಂದು ಸಲ ಮುಟ್ಟಿದರೆ ಸಾಕಿತ್ತು.

ಮುಟ್ಟಲಿಲ್ಲ. ಕಿವಿಯೊಳಗಿನದು ಅವನನ್ನು ಅಳಿಸಿದ ಹಾಡು. ಎದುರಿನದು ಯಾರದೋ. ಕಿವಿಯೊಳಗೆ ದಾರ ಹರಿದು, ಗಂಟು ಬಿದ್ದು, ಸಾಲು ಮತ್ತೆ ಮತ್ತೆ ಬಂದು, ಹಾಡು ಮುಗಿಯುತ್ತ ಬಂತು. ವೇದಿಕೆಯ ಮೇಲೆ ಹಾಡುಗಾರನ ಬಾಯಿ ಇನ್ನೂ ಅದೇ ಮಾತಿಗೆ ತೆರೆದುಕೊಂಡಿತ್ತು. ಜನರ ಕೈಗಳು ನೀರಿನಡಿಯ ಬಳ್ಳಿಗಳ ಹಾಗೆ ಮೇಲೇಳುತ್ತಿದ್ದವು. ಅವನ ಕಣ್ಣು ಒದ್ದೆಯಾಯಿತು. ಅದೇ ಜಾಗದಲ್ಲಿ, ಮಧ್ಯಾಹ್ನದ ಹಾಗೆಯೇ.

ಅವಳು ತಿರುಗಿದಳು. ಅವನನ್ನು, ಅವನ ಕಿವಿಯನ್ನು, ಒದ್ದೆಯಾದ ಕಣ್ಣನ್ನು ನೋಡಿದಳು. ತುಟಿ ಅಲುಗಿತು. ಏನೋ ಹೇಳುತ್ತಿದ್ದಳು. ಉದ್ದದ ಮಾತೇನಲ್ಲ.

ಕಿವಿಯಲ್ಲಿ ಹಾಡು ಮುಗಿದು, ಸಾಲಿನಲ್ಲಿದ್ದ ನಾಳೆಯ ಮೊದಲ ಕರೆ ತಾನಾಗಿಯೇ ಶುರುವಾಯಿತು. ಯಾರೋ ಹೆಂಗಸು.

"ಹಲೋ? ಕೇಳಿಸ್ತಾ ಇದೆಯಾ?" ಎಂದಿತು ಹೆಂಡತಿಯ ತುಟಿಯ ಮೇಲೆ ಆ ದನಿ. "ಹಲೋ? ಅಲ್ಲಿ ಯಾರಾದ್ರೂ ಇದೀರಾ?"

ಎರಡು ಪ್ರಶ್ನೆಗಳ ನಡುವೆ ಆಕೆ ಎಷ್ಟು ಹೊತ್ತು ಕಾದಿದ್ದಳೋ, ಅದು ಅಲ್ಲಿರಲಿಲ್ಲ.

ಅವನು ವಿನಯದಿಂದ ತಲೆಯಾಡಿಸಿದ.